ಪರದೇಶದ ಧ್ವನಿಯಂತ್ರಕ್ಕೆ ನಮ್ಮೂರಿನ ವಿದ್ಯುತ್ತು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ವಿವಾಹಾನಂತರವೋ ಉದ್ಯೋಗನಿಮಿತ್ತವಾಗಿಯೋ ಪರದೇಶಗಳಿಗೆ ತೆರಳಿ ಅಲ್ಲಿ ಬಹುಕಾಲ ಸಂಸಾರ ಮಾಡಿರುವರು. ಅವರಲ್ಲಿ ಕೆಲವರು ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಕಡೆಗೆ ಹಿಂದಿರುಗಿ ಬರುವಾಗ, ಅಲ್ಲಿ ಪ್ರೀತಿಯಿಂದ ಕೊಂಡ ರೇಡಿಯೋ, ಆಂಪ್ಲಿಫೈಯರು, ಟೇಪ್ ರೆಕಾರ್ಡರು ಮುಂತಾದುವುಗಳನ್ನು ಜೊತೆಯಲ್ಲಿ ತರುವುದುಂಟು. ಅಂಥವರಿಗೂ, ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿರುವ ತಂದೆತಾಯಿಗಳಿಗೂ ಉಪಯೋಗವಾದೀತೆಂದು ಈ ಪಾಠವನ್ನು ಬರೆದಿದ್ದೇನೆ. ಇದಕ್ಕೆ ಕಾರಣರಾದವರು ಹುಣಸೂರಿನ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು.

ಈಕೆ 1974ರಲ್ಲಿ ಪತಿಯೊಡನೆ ಅಮೇರಿಕಕ್ಕೆ ಹೋದವರು. 1981ರಲ್ಲಿ ಇವರ ತಾಯಿಯವರು ಮಗಳ ಬಾಣಂತನಕ್ಕೆಂದು ಅಲ್ಲಿಗೆ ಹೋಗಿದ್ದಾಗ, ತೊಟ್ಟಿಲ ಬಳಿ ಹಾಡಿದ ಹಾಡುಗಳನ್ನು ಮನೆಯ ಟೇಪ್ ರೆಕಾರ್ಡರಿನಲ್ಲಿ ದೊಡ್ಡ ಸುರುಳಿಯೊಂದಕ್ಕೆ ಹಿಡಿದಿಟ್ಟಿದ್ದರು. ತಾಯಿಯವರು ಗತಿಸಿ ಬಹಳ ವರ್ಷಗಳಾದುವು. ಅವರ ಧ್ವನಿಯೆಂಬುದು ಆ ಸುರುಳಿಯೊಂದರಲ್ಲಿಯೇ ಉಳಿದಿದ್ದಿತು. ಊರಿಗೆ ಹಿಂದಿರುಗಿದ ವಾರದಲ್ಲಿಯೇ ಮನೆಯವರು ಆಂಪ್ಲಿಫೈಯರಿನ ಎರಡು ಚಪ್ಪಟೆ ಕಡ್ಡಿಗಳ ಪ್ಲಗ್ಗಿಗೆ ಅಂಗಡಿಯಿಂದ ತಂದ ಅಡಾಪ್ಟರೊಂದನ್ನು ತೊಡಿಸಿ ಗೋಡೆಯ ಸಾಕೆಟ್ಟಿಗೆ ಸೇರಿಸಿದರು. ಕ್ಷಣಮಾತ್ರದಲ್ಲಿ ಕಮಟು ವಾಸನೆ ಬಂದು ಹೊಗೆಯೆದ್ದಿತು. ಪುಣ್ಯವಶಾತ್ ಟೇಪ್ ರೆಕಾರ್ಡರನ್ನು ಇನ್ನೂ ಸೇರಿಸಿರಲಿಲ್ಲ.

ಇಲ್ಲಿ ನಡೆದುದೇನು? ಅಡಾಪ್ಟರು ಕಡ್ಡಿಗಳ ಆಕಾರವನ್ನು ಬದಲಾಯಿಸುವುದೇ ಹೊರತು ವಿದ್ಯುತ್ತನ್ನು ಬದಲಾಯಿಸಲಾರದು. ಅಮೇರಿಕದಲ್ಲಿ ಮನೆಗಳಿಗೆ ಬರುವ ವಿದ್ಯುತ್ತಿನ ಒತ್ತಡವು 120 ವೋಲ್ಟು. ಜಪಾನಿನಲ್ಲಿ 100. ನಮ್ಮಲ್ಲಿಯೂ ಇಂಗ್ಲೆಂಡಿನಲ್ಲಿಯೂ 230. ಒತ್ತಡವೆಂಬುದನ್ನು ಎತ್ತರದ ತೊಟ್ಟಿಯ ನೀರಿಗೆ ಹೋಲಿಸಬಹುದು. ತೊಟ್ಟಿಯನ್ನು ಎತ್ತರಿಸಿದಷ್ಟೂ ನಲ್ಲಿಯಲ್ಲಿ ನೀರು ರಭಸವಾಗಿ ಬರುವುದಷ್ಟೆ. ಆದರೆ ವಿದ್ಯುತ್ತಿನಲ್ಲಿ ಇನ್ನೊಂದು ಅಪಾಯವಿದೆ. ಒಂದೇ ತಂತಿಗೆ ಒತ್ತಡವನ್ನು ಎರಡು ಮಡಿ ಮಾಡಿದರೆ ಪ್ರವಾಹವೂ ಎರಡು ಮಡಿಯಾಗಿ, ಹುಟ್ಟುವ ಶಾಖವು ನಾಲ್ಕು ಮಡಿಯಾಗುತ್ತದೆ. ಈ ಲೆಕ್ಕದಲ್ಲಿ 120 ವೋಲ್ಟಿನದಕ್ಕೆ 230 ಕೊಟ್ಟರೆ ಶಾಖವು ಸುಮಾರು ಮೂರೂಮುಕ್ಕಾಲು ಮಡಿ. ಯಂತ್ರದೊಳಗಿನ ಸುರುಳಿಗಳು ಇದನ್ನು ತಾಳಲಾರವು.

ಆದಕಾರಣ ಪ್ಲಗ್ಗನ್ನು ಕೈಗೆ ತೆಗೆದುಕೊಳ್ಳುವ ಮೊದಲು ಯಂತ್ರದ ಬೆನ್ನನ್ನು ಓದತಕ್ಕದ್ದು. ಅಲ್ಲಿ "100–240 ವೋಲ್ಟು, 50/60" ಎಂಬರ್ಥದ ಬರಹವಿದ್ದರೆ ಚಿಂತೆಯಿಲ್ಲ, ಅಡಾಪ್ಟರೊಂದೇ ಸಾಕು. ಈಚಿನ ಚಿಕ್ಕ ಯಂತ್ರಗಳಲ್ಲಿ ಹೆಚ್ಚಿನವು ಹೀಗಿವೆ. ಕೆಲವು ಹಳೆಯವುಗಳಲ್ಲಿ ಒತ್ತಡವನ್ನು ಆರಿಸುವ ಗುಂಡಿಯಿರುತ್ತದೆ. ಅದನ್ನು ತಿರುಗಿಸಿದಾಗ ಫ್ಯೂಸನ್ನೂ ಅದಕ್ಕೆ ಹೇಳಿದ ಅಳತೆಯದಕ್ಕೆ ಬದಲಾಯಿಸಬೇಕು. "120 ವೋಲ್ಟು" ಎಂದಷ್ಟೇ ಬರೆದಿದ್ದರೆ ಒತ್ತಡವನ್ನಿಳಿಸುವ ಟ್ರಾನ್ಸ್‌ಫಾರ್ಮರು ಅನಿವಾರ್ಯ. ಯಂತ್ರದ ಮೇಲೆ 200 ವ್ಯಾಟ್ ಎಂದಿದ್ದರೆ 300 ಅಥವಾ 400ರ ಟ್ರಾನ್ಸ್‌ಫಾರ್ಮರನ್ನೇ ಕೊಳ್ಳುವುದು ಲೇಸು. ತಲೆಗೂದಲೊಣಗಿಸುವ ಸಾಧನಕ್ಕೆಂದು ಪ್ರವಾಸಿಗಳಿಗೆ ಮಾರುವ ಹಗುರವಾದ ಪರಿವರ್ತಕವನ್ನು ಧ್ವನಿಯಂತ್ರಕ್ಕೆ ಎಂದಿಗೂ ಸೇರಿಸಕೂಡದು. ಜಪಾನಿನ ಯಂತ್ರಕ್ಕೆ ಅಮೇರಿಕದ ಟ್ರಾನ್ಸ್‌ಫಾರ್ಮರು ಸಲ್ಲದು. ಅದಕ್ಕೆ 100 ವೋಲ್ಟಿನದೇ ಬೇಕು. ಮೂರು ಕಡ್ಡಿಯ ಪ್ಲಗ್ಗು ಸಾಕೆಟ್ಟಿಗೆ ಹೊಂದದಿದ್ದಾಗ ಮೂರನೆಯದನ್ನು ಮುರಿದುಹಾಕುವ ಚಾಳಿ ನಮ್ಮವರಲ್ಲಿದೆ. ಅದು ಭೂಸಂಪರ್ಕದ ಕಡ್ಡಿ, ಮನೆಯವರ ಪ್ರಾಣವನ್ನು ಕಾಯತಕ್ಕದ್ದು.

ನಮ್ಮ ಗ್ರಾಮಗಳಿಗೆ ವಿಶೇಷವಾದ ಮಾತೊಂದುಂಟು. ಪಂಪುಸೆಟ್ಟುಗಳು ಓಡುವ ಹೊತ್ತಿನಲ್ಲಿ ಒತ್ತಡವು ಕುಗ್ಗುವುದು ಎಲ್ಲರೂ ಬಲ್ಲ ಸಂಗತಿ. ಟ್ರಾನ್ಸ್‌ಫಾರ್ಮರು ಬಂದುದನ್ನು ಅದೇ ಪ್ರಮಾಣದಲ್ಲಿ ಇಳಿಸುವುದೇ ವಿನಾ ಕುಗ್ಗಿದುದನ್ನು ಸರಿಪಡಿಸದು. ಗೋಡೆಯಲ್ಲಿ 180 ಇದ್ದರೆ ಯಂತ್ರಕ್ಕೆ ತಲಪುವುದು 94 ಮಾತ್ರ. ಆದುದರಿಂದ ಮೊದಲು ಸ್ಟೆಬಿಲೈಜರು, ಅನಂತರ ಟ್ರಾನ್ಸ್‌ಫಾರ್ಮರು, ಕಡೆಗೆ ಯಂತ್ರ. ಈ ಕ್ರಮವನ್ನು ಮೀರಬಾರದು.

ಇಷ್ಟೆಲ್ಲವನ್ನೂ ಕೇಳಿ ತಿಳಿದು ಆ ಮನೆಯವರು ಒಳ್ಳೆಯ ಟ್ರಾನ್ಸ್‌ಫಾರ್ಮರೊಂದನ್ನು ತರಿಸಿದರು. ಟೇಪ್ ರೆಕಾರ್ಡರು ನಿರಪಾಯವಾಗಿ ತಿರುಗಿತು. ಆದರೆ ಹಾಡು ಕೇಳಿಬಂದೊಡನೆ ಆಕೆಯ ಮುಖವು ಬಾಡಿತು. ಧ್ವನಿಯು ಭಾರವಾಗಿ, ಎಳೆದೆಳೆದು, ರೋಗಪೀಡಿತರ ಧ್ವನಿಯಂತಿದ್ದಿತು. "ಇದು ನಮ್ಮ ಅವ್ವನಲ್ಲ" ಎಂದು ಯಂತ್ರವನ್ನು ನಿಲ್ಲಿಸಿಬಿಟ್ಟರು. ಸುರುಳಿಯೇ ಕೆಟ್ಟುಹೋಯಿತೆಂದು ಎಲ್ಲರೂ ಭಾವಿಸಿದರು.

ಸುರುಳಿಯು ಕೆಟ್ಟಿರಲಿಲ್ಲ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಒಂದೇ ದಿಕ್ಕಿನಲ್ಲಿ ಹರಿಯತಕ್ಕದ್ದಲ್ಲ; ಅದು ಹಿಂದಕ್ಕೂ ಮುಂದಕ್ಕೂ ತೂಗುತ್ತಿರುತ್ತದೆ. ಇಲ್ಲಿ ಸೆಕೆಂಡಿಗೆ 50 ಆವರ್ತಗಳು, ಅಮೇರಿಕದಲ್ಲಿ 60. ಟ್ರಾನ್ಸ್‌ಫಾರ್ಮರು ಒತ್ತಡವನ್ನು ಬದಲಾಯಿಸುವುದು, ಆವರ್ತವನ್ನು ಬದಲಾಯಿಸದು. ಈ ಎಣಿಕೆಯು ದೇಶದಿಂದ ದೇಶಕ್ಕೆ ಭಿನ್ನವಾದುದು ಮೊದಮೊದಲು ಯಂತ್ರಗಳನ್ನು ಕೊಟ್ಟವರಿಂದ. ಜಪಾನಿನಲ್ಲಿ ಟೋಕಿಯೋ ಪಟ್ಟಣವು ಜರ್ಮನಿಯ ಯಂತ್ರಗಳನ್ನೂ ಓಸಾಕವು ಅಮೇರಿಕದವುಗಳನ್ನೂ ತರಿಸಿದುದರಿಂದ ಇಂದಿಗೂ ಆ ಒಂದೇ ದೇಶದಲ್ಲಿ 50 ಮತ್ತು 60 ಎರಡೂ ನಡೆಯುತ್ತಿವೆ. ನಮ್ಮ ನಾಲ್ಕು ತಾಲ್ಲೂಕುಗಳ ಕಾವೇರಿ, ಲಕ್ಷ್ಮಣತೀರ್ಥ, ಕಪಿಲೆಯರ ನೀರೆಲ್ಲವೂ ಒಂದಾಗಿ ಧುಮುಕುವ ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುದಾಗಾರವು ಆರಂಭವಾಗಿ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಕಳುಹಿಸಿತಷ್ಟೆ. ಆಗ ಅಲ್ಲಿಯ ಎಣಿಕೆ 25 ಆವರ್ತ. ನಮ್ಮ ಸೀಮೆಯೇ ಕಾಲಾಂತರದಲ್ಲಿ ಎಣಿಕೆಯನ್ನು ಬದಲಾಯಿಸಿಕೊಂಡಿದೆಯೆಂದ ಮೇಲೆ ಪರದೇಶದವರನ್ನು ದೂರಿ ಫಲವೇನು?

ಹಳೆಯ ಟೇಪ್ ರೆಕಾರ್ಡರು ಮತ್ತು ರೆಕಾರ್ಡು ತಿರುಗಿಸುವ ಯಂತ್ರಗಳಲ್ಲಿ ಹಲವಕ್ಕೆ ಈ ಆವರ್ತಗಳನ್ನನುಸರಿಸಿಯೇ ತಿರುಗುವ ಮೋಟಾರು ಇರುತ್ತದೆ. 60ಕ್ಕೆ ಕಟ್ಟಿದುದು 50ರಲ್ಲಿ ಓಡಿದಾಗ ವೇಗವು ಆರರಲ್ಲಿ ಐದು ಪಾಲಾಗುವುದು. ಸೆಕೆಂಡಿಗೆ ಏಳೂವರೆ ಅಂಗುಲ ಸಾಗಬೇಕಾದ ಟೇಪು ಆರೂಕಾಲು ಅಂಗುಲ ಸಾಗುವುದು. ಐದು ನಿಮಿಷದ ಹಾಡು ಆರು ನಿಮಿಷವಾಗುವುದು. ಶ್ರುತಿಯು ಹಾರ್ಮೋನಿಯಮ್ಮಿನ ಕಪ್ಪು ಬಿಳಿ ಸೇರಿಸಿ ಎಣಿಸಿದರೆ ಮೂರು ಮನೆ ಕೆಳಗಿಳಿಯುವುದು. ನಾನು ಆ ಮನೆಯಲ್ಲಿ ಹಾರ್ಮೋನಿಯಂ ಇಟ್ಟು ನೋಡಿದೆನು. ತಾಯಿಯವರು ಹಾಡುತ್ತಿದ್ದ ಶ್ರುತಿಯೆಂದು ಮಗಳು ತೋರಿಸಿದ ಮನೆಗಿಂತ ಸರಿಯಾಗಿ ಮೂರು ಮನೆ ಕೆಳಗಿದ್ದಿತು. ಕ್ಯಾಸೆಟ್ ಯಂತ್ರಗಳಲ್ಲಿ ಬಹುಪಾಲಿಗೆ ಈ ತೊಂದರೆಯಿಲ್ಲ; ಅವುಗಳ ಮೋಟಾರು ಏಕಮುಖ ಪ್ರವಾಹದ್ದು. ಕೈಯಿಂದ ಕೀಲಿ ಕೊಡುತ್ತಿದ್ದ ನಮ್ಮ ಅಜ್ಜಂದಿರ ಗ್ರಾಮಫೋನಿಗಂತೂ ಎಲ್ಲ ದೇಶಗಳೂ ಒಂದೇ!

ಪರಿಹಾರಗಳು ಮೂರಿವೆ. ಕೆಲವು ಯಂತ್ರಗಳಿಗೆ 50ರ ದೇಶಗಳಿಗೆಂದೇ ಮಾಡಿದ ರಾಟೆ ದೊರೆಯುವುದು. ಈಗ ಹುಡುಕುವುದು ಕಷ್ಟ. ಬ್ಯಾಟರಿಯಿಂದ 120 ವೋಲ್ಟು, 60 ಆವರ್ತವನ್ನು ಹುಟ್ಟಿಸುವ ಅಮೇರಿಕದ ಇನ್ವರ್ಟರು ಎರಡನೆಯದು; ಅದು ಶುದ್ಧ ಸೈನ್ ಅಲೆಯದಾಗಿರಬೇಕು. ಮೂರನೆಯದು ಎಲ್ಲಕ್ಕಿಂತ ಸುಲಭ: ತಗ್ಗಿದ ವೇಗದಲ್ಲಿಯೇ ಹಾಡನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಅಲ್ಲಿ ವೇಗವನ್ನೂ ಶ್ರುತಿಯನ್ನೂ ಒಟ್ಟಿಗೆ ಐದಕ್ಕೆ ಆರರಂತೆ ಏರಿಸುವುದು.

ರೇಡಿಯೋ ವಿಚಾರವಾಗಿ ಒಂದೆರಡು ಮಾತು. 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಆರಂಭಿಸಿದ ಮೈಸೂರಿನ ಆಕಾಶವಾಣಿಯು ಇಂದು ಎಫ್.ಎಂ. 100.6ರಲ್ಲಿದೆ. ಅಮೇರಿಕದ ಹಲವು ರೇಡಿಯೋಗಳು 100.5ರಿಂದ 100.7ಕ್ಕೆ ನೆಗೆಯುತ್ತವೆ, ನಡುವೆ ನಿಲ್ಲವು. ಜಪಾನಿನ ಹಳೆಯವು 90ರಲ್ಲಿಯೇ ಮುಗಿದುಹೋಗುತ್ತವೆ. ಇವುಗಳಿಗೆ ಟ್ರಾನ್ಸ್‌ಫಾರ್ಮರಿಗಾಗಿ ಹಣ ಸುರಿಯುವುದಕ್ಕಿಂತ ಇಲ್ಲಿಯೇ ಹೊಸ ರೇಡಿಯೋ ಕೊಳ್ಳುವುದು ಮೇಲು.

ಹುಣಸೂರಿನ ಆ ಮನೆಯಲ್ಲಿ ಮೂರನೆಯ ಉಪಾಯವನ್ನೇ ಮಾಡಿದೆವು. ಮೊಮ್ಮಗಳು ಕಂಪ್ಯೂಟರಿನ ಬಳಿ ಕುಳಿತು ವೇಗವನ್ನೇರಿಸಿದಳು. ಹಾಡಿನ ನಡುವೆ ತೊಟ್ಟಿಲಿನ ಕಿರುಗುಟ್ಟುವಿಕೆಯೂ, "ಬಾಗಿಲು ಮುಂದೆ ಮಾಡವ್ವ, ಗಾಳಿ" ಎಂಬ ಮಾತೂ ಸ್ಪಷ್ಟವಾಗಿ ಕೇಳಿಬಂದುವು. ಆಕೆ ಅಡಿಗೆಮನೆಯಿಂದ ಬಂದವರು ಕೈಯೊರಸಿಕೊಳ್ಳುವುದನ್ನೂ ಮರೆತು ಬಾಗಿಲಲ್ಲಿಯೇ ನಿಂತುಬಿಟ್ಟರು.