ಪಕ್ಕದ ಮನೆಯ ಜಗಲಿ, ನಿನ್ನ ತಿಜೋರಿ

ತಮ್ಮಾ, ವಿಗ್ರಹಾರಾಧನೆ ಬೇಡವೆಂಬ ಮಾತನ್ನು ಬೈಬಲಿನಲ್ಲಿ ಓದಿದ ಕೂಡಲೇ ನಿನ್ನ ಕಣ್ಣು ಪಕ್ಕದ ಮನೆಯ ದೇವರ ಜಗಲಿಯ ಮೇಲೆ ಬಿತ್ತಲ್ಲ, ಅದು ನನ್ನ ಮನಸ್ಸಿಗೆ ಹಿಡಿಸಲಿಲ್ಲ. ಇನ್ನೊಮ್ಮೆ ಓದು. ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಪೌಲ ದುರಾಶೆಯನ್ನೇ ವಿಗ್ರಹಾರಾಧನೆ ಎನ್ನುತ್ತಾನೆ. ನೆರೆಮನೆಯವರನ್ನು ಅಳೆಯಲು ಕೊಟ್ಟ ಕೋಲಲ್ಲ ಅದು. ಸೀನಾಯಿ ಬೆಟ್ಟದ ಬುಡದಲ್ಲಿ ಇಸ್ರಾಯೇಲರು ಎರಕ ಹೊಯ್ದ ಕರು ಕೂಡ ಎಲ್ಲಿಂದಲೋ ಬಂದದ್ದಲ್ಲ. ಅವರವರ ಹೆಂಡಿರು ಮಕ್ಕಳ ಕಿವಿಯಿಂದ ಬಿಚ್ಚಿದ ಬಂಗಾರದ್ದು. ಮೋಶೆ ಅದನ್ನು ಸುಟ್ಟು, ಪುಡಿಮಾಡಿ, ನೀರಿಗೆ ಹಾಕಿ ಅವರಿಗೇ ಕುಡಿಸಿದ.

ಹಿರೇಕೆರೂರು ಸೀಮೆಯ ಅಬಲೂರಿಗೆ ಹೋದರೆ ಸೋಮೇಶ್ವರ ಗುಡಿಯಲ್ಲಿ ಸ್ವಲ್ಪ ಹೊತ್ತು ನಿಲ್ಲು. ಸುಮಾರು 1200ರ ಶಾಸನ ಅಲ್ಲಿದೆ. ಶಿವಭಕ್ತ ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ ತನ್ನ ತಲೆಯನ್ನೇ ಕಡಿದುಕೊಂಡನಂತೆ, ಏಳು ದಿನದ ಮೇಲೆ ಅದನ್ನು ಮರಳಿ ಪಡೆದನಂತೆ. ಅವರು ಮಾತಿಗೆ ತಪ್ಪಿದಾಗ ಜಿನಮೂರ್ತಿಯನ್ನು ಒಡೆದ, ದೊರೆ ಬಿಜ್ಜಳ ಜಯಪತ್ರ ಕೊಟ್ಟ. ಆ ಪ್ರಸಂಗವನ್ನು ಶಿಲ್ಪವಾಗಿಯೂ ಕೆತ್ತಿದ್ದಾರೆ. ಗೆದ್ದವರು ಬರೆಸಿದ ಕಥೆ ಇದು. ಅದನ್ನು ಓದುವಾಗ ನನ್ನ ಮನಸ್ಸು ಹೋಗುವುದು ಆ ದಿನ ತಮ್ಮ ಮೂರ್ತಿಯ ಚೂರುಗಳನ್ನು ನೋಡುತ್ತಾ ನಿಂತ ಮಂದಿಯ ಕಡೆಗೆ. ಬೇರೆಯವರದನ್ನು ಒಡೆಯಲು ತೋಳಿನ ಕಸುವು ಸಾಕು, ತನ್ನದನ್ನು ಬಿಡಲು ಅದು ಸಾಲದು.

ಇನ್ನು ಶಿಗ್ಗಾಂವಿ ತಾಲೂಕಿನ ಬಾಡಕ್ಕೆ ಬಾ. ಅಲ್ಲಿಯ ನಾಯಕ ತಿಮ್ಮಪ್ಪನಿಗೆ ನೆಲದೊಳಗೆ ಹೊನ್ನು ಸಿಕ್ಕಿತು, ಅದಕ್ಕೇ ಕನಕನಾಯಕ ಎನಿಸಿಕೊಂಡ ಎಂದು ನಮ್ಮ ಕಡೆ ಹೇಳುತ್ತಾರೆ. ಸಿಕ್ಕದ್ದನ್ನು ಅವನು ಹೂತಿಟ್ಟು ಕಾಯಲಿಲ್ಲ, ದಾನಧರ್ಮಕ್ಕೆ ಸುರಿದ. ಕೊನೆಗೆ ಅಧಿಕಾರವನ್ನೂ ಬಿಟ್ಟು ತಂಬೂರಿ ಹಿಡಿದು ಕನಕದಾಸನಾದ. ಕಾಗಿನೆಲೆಯ ಆದಿಕೇಶವನಿಗೆ ಕೈಮುಗಿದ ಆ ಮನುಷ್ಯ, ಪೌಲ ಹೇಳಿದ ವಿಗ್ರಹವನ್ನು ಮಾತ್ರ ಮನೆಯಿಂದ ಹೊರಗೆ ಹಾಕಿದ್ದ. ಚರ್ಚಿನಲ್ಲಿ ಹೀಗಂದರೆ ಕೆಲವರು ಹುಬ್ಬು ಗಂಟಿಕ್ಕುತ್ತಾರೆ. ಗಂಟಿಕ್ಕಲಿ, ನನಗೆ ಕಂಡದ್ದನ್ನು ನಾನು ಹೇಳಲೇಬೇಕು.

ದುಡಿಯಬೇಡ ಅನ್ನುತ್ತಿಲ್ಲ. ಹಾನಗಲ್ಲಿನಲ್ಲಿ ಅಡಿಕೆ ಹಚ್ಚಿದವರು, ಸವಣೂರಿನಲ್ಲಿ ಎಲೆಬಳ್ಳಿ ಬೆಳೆಸುವವರು ಮೈಮುರಿದು ದುಡಿಯುತ್ತಾರೆ, ಅವರ ಕೈಗೆ ನಾಲ್ಕು ಕಾಸು ಬರಲೇಬೇಕು. ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲೂ ಪೌಲ ತಪ್ಪು ಹೊರಿಸುವುದು ರೊಕ್ಕದ ಮೇಲಲ್ಲ, ರೊಕ್ಕದ ಮೋಹದ ಮೇಲೆ. ಆ ಮೋಹ ಹೇಗಿರುತ್ತದೆ ಅಂತೀಯಾ? ಗೋವಿನಜೋಳ ಮುರಿಯಲು ಬಂದ ಹೆಣ್ಣಾಳುಗಳು ಸಂಜೆ ಬುತ್ತಿಗಂಟು ಕಂಕುಳಲ್ಲಿಟ್ಟುಕೊಂಡು, ಸೆರಗಿನಿಂದ ಮುಖದ ಧೂಳು ಒರೆಸಿಕೊಳ್ಳುತ್ತಾ ಅಂಗಳದಲ್ಲಿ ನಿಂತಿರುತ್ತಾರೆ. ಯಜಮಾನನ ಕಿಸೆಯಲ್ಲಿ ನೋಟಿನ ಕಟ್ಟು ಇರುತ್ತದೆ. ಆದರೂ "ನಾಳೆ ಬರ್ರೆವ್ವಾ" ಅನ್ನುತ್ತಾನೆ. ನಾಳೆಯೂ ಅದೇ ಮಾತು. ಆ ಕಟ್ಟನ್ನು ಬಿಚ್ಚಲು ಅವನ ಕೈ ಏಳುವುದಿಲ್ಲ. ಹೊಲ ಕೊಯ್ದವರಿಗೆ ಕೊಡದೆ ಹಿಡಿದಿಟ್ಟ ಕೂಲಿ ತಾನೇ ಕೂಗಿಕೊಳ್ಳುತ್ತದೆ, ಆ ಕೂಗು ದೇವರ ಕಿವಿಗೆ ಬೀಳುತ್ತದೆ ಎಂದು ಯಾಕೋಬ ತನ್ನ ಪತ್ರದ 5ನೇ ಅಧ್ಯಾಯದಲ್ಲಿ ಎಚ್ಚರಿಸುತ್ತಾನೆ.

ಹೆಂಡತಿಗೆ ಬಂಗಾರದ ಸರ ಮಾಡಿಸುವ ಆಸೆ ನಿನಗಿದೆ, ಗೊತ್ತು. ಮಾಡಿಸು. ಆದರೆ ಈ ಸಲ ಎಪಿಎಂಸಿಗೆ ಮಾಲು ಹಾಕಿ ಬಂದ ದಿನ, ಸರಾಫರ ಅಂಗಡಿಯ ಮೆಟ್ಟಿಲು ಹತ್ತುವ ಮುಂಚೆ ಆಳುಗಳ ಮನೆಗೆ ಹೋಗಿ ಅವರ ಕೂಲಿ ಚುಕ್ತಾ ಮಾಡು. ಪಕ್ಕದ ಮನೆಯವರ ಪೂಜೆಯ ವಿಚಾರವನ್ನು ಆಮೇಲೆ ಕೂತು ಮಾತಾಡೋಣ.