ಇಂದಿನ ಧಮ್ಮ ಚಿಂತನೆ: ಸಞ್ಞಾ, ಗುರುತು ಹಚ್ಚುವ ಕೆಲಸ



ಪಂಚಸ್ಕಂಧಗಳಲ್ಲಿ ರೂಪ, ವೇದನೆ ಮುಗಿಸಿ ಈ ವಾರ ಸಞ್ಞಾಕ್ಕೆ ಬಂದಿದ್ದೇವೆ. ಕಂಡದ್ದಕ್ಕೆ ಒಂದು ಗುರುತು ಹಚ್ಚಿಟ್ಟುಕೊಂಡು, ಮತ್ತೆ ಕಂಡಾಗ ‘ಇದು ಅದೇ’ ಎನ್ನುವುದು ಸಞ್ಞಾ. ಈಗ ಯಂತ್ರಗಳೂ ಈ ಕೆಲಸ ಮಾಡುತ್ತಿವೆ. ನಮ್ಮ ರಾಜ್ಯದ್ದೇ ಒಂದು ಉದಾಹರಣೆ ನೋಡೋಣ.

ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಮತ್ತು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಸೇರಿ 2019ರಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಸ್ಕಿಜೋಫ್ರೀನಿಯಾ ಇದ್ದ 81 ಜನ, ಆರೋಗ್ಯವಂತರು 93 ಜನ. ಆ 81 ಜನ ಇನ್ನೂ ಔಷಧ ಆರಂಭಿಸಿರದವರು. ಇಲ್ಲವಾದರೆ ಯಂತ್ರ ಕಾಯಿಲೆಯ ಬದಲು ಮಾತ್ರೆಯ ಪರಿಣಾಮವನ್ನೇ ಗುರುತು ಹಿಡಿದೀತು. ಎಲ್ಲರನ್ನೂ ಏನೂ ಕೆಲಸ ಕೊಡದೆ ಸುಮ್ಮನೆ ಮಲಗಿಸಿ ಎಫ್‌ಎಂಆರ್‌ಐ ತೆಗೆದರು.

ಎಫ್‌ಎಂಆರ್‌ಐ ಎಂದರೆ ವಿಚಾರಗಳ ಫೋಟೋ ಅಲ್ಲ. ಮಿದುಳಿನ ಒಂದು ಭಾಗ ಹೆಚ್ಚು ದುಡಿದರೆ ಕೆಲವು ಸೆಕೆಂಡು ತಡವಾಗಿ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಹೆಚ್ಚು ಹರಿಯುತ್ತದೆ. ಸ್ಕ್ಯಾನ್ ಅಳೆಯುವುದು ಆ ಏರಿಳಿತವನ್ನು. ಯಾವ ಭಾಗಗಳು ಜೊತೆಜೊತೆಗೆ ಏರಿಳಿಯುತ್ತವೆ ಎಂಬುದರ ಮೇಲೆ ಯಂತ್ರ ಜನರನ್ನು ಎರಡು ಗುಂಪು ಮಾಡಬೇಕು.

ನಮ್ಮ ಬೆಂಗೇರಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜ ಪರೀಕ್ಷಿಸುವುದನ್ನು ಬಲ್ಲಿರಿ. ಬಟ್ಟೆ, ಬಣ್ಣ, ಅಳತೆ ಎಲ್ಲಕ್ಕೂ ಮಾನಕ ಬ್ಯೂರೋದ ನಿಯಮ ಮೊದಲೇ ಇದೆ. ಇಲ್ಲಿ ಹಾಗಿಲ್ಲ. ಯಂತ್ರಕ್ಕೆ ನಿಯಮ ಕೊಟ್ಟಿರುವುದಿಲ್ಲ, ಹೆಸರು ಹಚ್ಚಿದ ಮಾದರಿಗಳನ್ನಷ್ಟೇ ಕೊಟ್ಟು ‘ವ್ಯತ್ಯಾಸ ನೀನೇ ಹುಡುಕು’ ಎನ್ನುತ್ತಾರೆ. ಮೊದಲು ತೋರಿಸದೆ ಇಟ್ಟಿದ್ದ ಸ್ಕ್ಯಾನ್‌ಗಳ ಮೇಲೆ ಪರೀಕ್ಷಿಸಿದಾಗ ನೂರಕ್ಕೆ 87 ಸರಿ ಬಂತು. ಕಣ್ಣು ಮುಚ್ಚಿ ಎಲ್ಲರನ್ನೂ ಆರೋಗ್ಯವಂತರು ಎಂದಿದ್ದರೂ 53 ಸರಿ ಬರುತ್ತಿತ್ತು, ಅದೂ ನೆನಪಿರಲಿ. ಆದರೂ ದೊಡ್ಡ ಸಾಧನೆಯೇ.

ಆ ಮಾದರಿಗಳಿಗೆ ಹೆಸರು ಹಚ್ಚಿದವರು ಯಾರು? ವೈದ್ಯರು. ಸ್ಕಿಜೋಫ್ರೀನಿಯಾಕ್ಕೆ ರಕ್ತಪರೀಕ್ಷೆ ಇಲ್ಲ. ರೋಗಿಯ ಎದುರು ಕುಳಿತು, ಮಾತನಾಡಿಸಿ, ಮನೆಯವರನ್ನು ಕೇಳಿಯೇ ನಿರ್ಧರಿಸಬೇಕು. ಹಾಗೆ ಕೇಳಿಸಿಕೊಂಡವರ ತೀರ್ಮಾನವೇ ಯಂತ್ರದ ಪಠ್ಯಪುಸ್ತಕ.

ನಮ್ಮ ಶಾಲೆಯ ಒಬ್ಬ ಹಳೆಯ ವಿದ್ಯಾರ್ಥಿಯ ತಾಯಿ ಮೊನ್ನೆ ಕೇಳಿದರು: “ಅಕ್ಕೋರ, ಸ್ಕ್ಯಾನ್ ಮಾಡ್ಸಿದ್ರ ಹುಚ್ಚು ಹೌದೋ ಅಲ್ಲೋ ಗೊತ್ತಾಗ್ತೈತಂತಲ್ರಿ? ಮದುವಿ ಮಾತು ನಡದೈತಿ.” ಹುಡುಗ ಎರಡು ತಿಂಗಳಿಂದ ನಿದ್ದೆ ಮಾಡಿಲ್ಲ, ಯಾರೋ ಬೈಯುವುದು ಕೇಳಿಸುತ್ತದೆ ಎನ್ನುತ್ತಾನೆ. ಬೀಗರಿಗೆ ತೋರಿಸಲು ಇವರಿಗೊಂದು ಚೀಟಿ ಬೇಕು.

ಅವರಿಗೆ ಹೇಳಿದ ಲೆಕ್ಕವನ್ನೇ ಇಲ್ಲಿ ಬರೆಯುತ್ತೇನೆ. ಸಾವಿರ ಜನರಲ್ಲಿ ಹತ್ತು ಜನರಿಗೆ ಈ ಕಾಯಿಲೆ ಇದೆ ಎಂದಿಟ್ಟುಕೊಳ್ಳಿ. ಯಂತ್ರ ಎರಡೂ ಬದಿಗೆ ನೂರಕ್ಕೆ 13 ತಪ್ಪುತ್ತದೆ ಎಂದುಕೊಂಡರೆ, ಹತ್ತರಲ್ಲಿ ಒಂಬತ್ತು ಜನರನ್ನು ಹಿಡಿಯುತ್ತದೆ, ಜೊತೆಗೆ ಏನೂ ಇಲ್ಲದ ಸುಮಾರು 129 ಜನರಿಗೂ ಅದೇ ಹೆಸರು ಹಚ್ಚುತ್ತದೆ. ಓಣಿಯಲ್ಲಿ ಆ ಹೆಸರು ಒಮ್ಮೆ ಅಂಟಿದರೆ ಏನಾಗುತ್ತದೆಂದು ನಮ್ಮ ಜನರಿಗೆ ಹೇಳಿಕೊಡಬೇಕಿಲ್ಲ. ಹೆಸರಿನಿಂದಲೇ ತಲೆಮಾರುಗಳ ಕಾಲ ದೂರ ಇಡಿಸಿಕೊಂಡವರು ನಾವು. ಮದುವೆ ಮಾತು ಸ್ವಲ್ಪ ದಿನ ನಿಲ್ಲಲಿ, ಮೊದಲು ಅವನನ್ನು ಧಾರವಾಡದ ಡಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ ಎಂದೆ.

ಬುದ್ಧಘೋಷರು ವಿಸುದ್ಧಿಮಗ್ಗದಲ್ಲಿ ನಾಣ್ಯಗಳ ರಾಶಿಯ ಉಪಮೆ ಕೊಡುತ್ತಾರೆ. ಮಗು ನಾಣ್ಯದ ಆಕಾರ, ಬಣ್ಣ, ಚಿತ್ತಾರ ಮಾತ್ರ ನೋಡುತ್ತದೆ, ಇದು ಸಞ್ಞಾ. ಹಳ್ಳಿಯವನಿಗೆ ಅದರ ಬೆಲೆಯೂ ಗೊತ್ತು, ಇದು ವಿಞ್ಞಾಣ. ಚಿನಿವಾರ ಮಾತ್ರ ಅಸಲಿ ಯಾವುದು, ನಕಲಿ ಯಾವುದು, ಯಾವ ಊರಲ್ಲಿ ಯಾರು ಮಾಡಿದ್ದು ಎಂದು ಬಲ್ಲ, ಇದು ಪಞ್ಞಾ. ನನ್ನ ದೃಷ್ಟಿಯಲ್ಲಿ ಯಂತ್ರ ಆ ಮಗುವಿನ ಜಾಗದಲ್ಲಿದೆ, ಕಣ್ಣು ಮಾತ್ರ ನಮಗಿಂತ ಬಹಳ ಚುರುಕು. ನಿಮಗೆ ಬೇರೆ ಅನ್ನಿಸಿದರೆ ಗುಂಪಿನಲ್ಲಿ ಬರೆಯಿರಿ.

ಭಾನುವಾರದ ಓದು: ಸತಿಪಟ್ಠಾನ ಸುತ್ತದ ಚಿತ್ತಾನುಪಸ್ಸನಾ ಭಾಗ. ಬರುವಾಗ ಪುಸ್ತಕ ತನ್ನಿ.

ಭವತು ಸಬ್ಬ ಮಂಗಲಂ. ಜೈ ಭೀಮ್ 🙏