ಕಾಣುವ ಅಂಕಿ, ಒಳಗಿನ ಅಂಕಿ

ಮಗಳೇ,

ಸೋಮವಾರದಿಂದ ನೀನು ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿ ಆಡಿಟರ್ ಆಫೀಸಿಗೆ ಹೋಗುತ್ತೀಯ ಎಂದು ನಿನ್ನಮ್ಮ ಹೇಳಿದಳು. ಬಹಳ ಸಂತೋಷವಾಯಿತು. ನಾನು ಲೆಕ್ಕ ಬರೆದೇ ಬದುಕಿದವನು. ಮೊದಲು ಕಿರ್ದಿ ಪುಸ್ತಕದಲ್ಲಿ ಬರೆದೆ, ಆಮೇಲೆ ಎಕ್ಸೆಲ್‌ನಲ್ಲಿ. ಹೋಗುವ ಮುಂಚೆ ಒಂದು ಮಾತು ಕಿವಿಗೆ ಹಾಕಿಕೊಂಡು ಹೋಗು.

ಪುಸ್ತಕದಲ್ಲಿ ಬರೆದದ್ದೇ ಅಂಕಿ, ಕಂಡದ್ದೇ ಅಂಕಿ. ಎಕ್ಸೆಲ್ ಹಾಗಲ್ಲ. ಅಲ್ಲಿ ಒಂದೊಂದು ಸೆಲ್‌ನಲ್ಲೂ ಒಳಗೊಂದು ಬೆಲೆ ಇರುತ್ತದೆ, ಹೊರಗೊಂದು ತೋರಿಕೆ ಇರುತ್ತದೆ. ಕಂಟ್ರೋಲ್ ಹಿಡಿದು 1 ಒತ್ತಿದರೆ ತೆರೆಯುವ ಕಿಟಕಿಯಲ್ಲಿ ನೀನು ಬದಲಾಯಿಸುವುದು ಆ ತೋರಿಕೆಯನ್ನು ಮಾತ್ರ. ಒಳಗಿನ ಬೆಲೆ ಇದ್ದ ಹಾಗೇ ಇರುತ್ತದೆ. ಇದನ್ನು ಮರೆತು ನಾನೊಮ್ಮೆ ತಲೆ ತಗ್ಗಿಸಿದ್ದೇನೆ.

ನಮ್ಮ ಕಟ್ಟಡದಲ್ಲಿ ಮೂರು ಮನೆ. ಒಂದು ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ಸಾವಿರ ರೂಪಾಯಿ ಕೊಟ್ಟೆವು. ನಾನು ಮೂರರಿಂದ ಭಾಗಿಸಿ, ಪೈಸೆ ಕಾಣದಂತೆ ಫಾರ್ಮ್ಯಾಟ್ ಮಾಡಿ, ಪ್ರಿಂಟ್ ತೆಗೆದು ಗೇಟಿನ ಹತ್ತಿರ ಅಂಟಿಸಿದೆ. 333, 333, 333, ಒಟ್ಟು 1,000. ಮೇಲಿನ ಮನೆಯ ಅಜ್ಜಿ ಕನ್ನಡಕ ಏರಿಸಿಕೊಂಡು, ಬೆರಳಿನ ಗೆಣ್ಣಲ್ಲಿ ಎಣಿಸಿ, ‘ಒಂದು ರೂಪಾಯಿ ಹೆಚ್ಚಿಗೆ ತೋರಿಸಿದ್ದೀಯಲ್ಲಪ್ಪ’ ಎಂದರು. ಅವರ ಲೆಕ್ಕ ಸರಿ. ಎಕ್ಸೆಲ್ ಕೂಡಿದ್ದು ಒಳಗಿನ 333.33 ಚಿಲ್ಲರೆಯನ್ನು, ಅಜ್ಜಿ ಕೂಡಿದ್ದು ಕಾಗದದ ಮೇಲೆ ಕಂಡದ್ದನ್ನು. ಹಣ ಕೊಡುವವರಿಗೆ ಕಂಡದ್ದೇ ಸತ್ಯ. ಹಾಗಾಗಿ ಪೈಸೆ ಬೇಡ ಎಂದಾದರೆ ಅದನ್ನು ಮರೆಮಾಡಬೇಡ. ರೌಂಡ್ ಸೂತ್ರ ಹಾಕಿ ಒಳಗಿನ ಬೆಲೆಯನ್ನೇ ಪೂರ್ಣ ಮಾಡು, ಉಳಿದ ಒಂದು ರೂಪಾಯಿ ಯಾರ ಪಾಲಿಗೆ ಎಂದು ಬಾಯಿಬಿಟ್ಟು ಹೇಳು. ನಾನು ನನ್ನ ಪಾಲನ್ನು 334 ಮಾಡಿ ಹೊಸ ಚೀಟಿ ಅಂಟಿಸಿದೆ.

ಇನ್ನು ತೋರಿಕೆಯ ವಿದ್ಯೆ. ಅದೇ ಕಿಟಕಿಯ ಕಸ್ಟಮ್ ಎಂಬಲ್ಲಿ ಬರೆಯುವ ಸಂಕೇತಕ್ಕೆ ನಾಲ್ಕು ಭಾಗ. ನಡುನಡುವೆ ಅರ್ಧವಿರಾಮ. ಮೊದಲನೆಯದು ಧನ ಸಂಖ್ಯೆಗೆ, ಎರಡನೆಯದು ಋಣಕ್ಕೆ, ಮೂರನೆಯದು ಸೊನ್ನೆಗೆ, ನಾಲ್ಕನೆಯದು ಅಕ್ಷರಕ್ಕೆ. ಈ ಒಂದು ಸಾಲು ಕೈಗೆ ಬಂದರೆ ದಿನದ ಕೆಲಸ ಸಾಗುತ್ತದೆ:

#,##0;(#,##0);"-";@

0 ಎಂದರೆ ಅಂಕಿ ಇಲ್ಲದಿದ್ದರೂ ಆ ಜಾಗದಲ್ಲಿ ಸೊನ್ನೆ ತೋರಿಸು ಎಂದರ್ಥ, # ಎಂದರೆ ಇದ್ದರೆ ಮಾತ್ರ ತೋರಿಸು. ಅದಕ್ಕೇ 000 ಎಂದು ಕೊಟ್ಟರೆ ನಮ್ಮ ಬೆಂಗಳೂರಿನ 080 ಬರಿಯ 80 ಆಗುವುದಿಲ್ಲ. ನಷ್ಟವನ್ನು ಕೆಂಪು ಬಣ್ಣದಲ್ಲಷ್ಟೇ ತೋರಿಸಬೇಡ. ಜೆರಾಕ್ಸ್ ಅಂಗಡಿಯಲ್ಲಿ ಕೆಂಪೂ ಕಪ್ಪೂ ಒಂದೇ ಆಗಿಬಿಡುತ್ತದೆ, ಕಂಸ ಮಾತ್ರ ಉಳಿಯುತ್ತದೆ. ಸೆಲ್‌ನಲ್ಲಿ ‘25 ಕೆಜಿ’ ಎಂದು ಟೈಪ್ ಮಾಡಿದರೆ ಅದು ಅಕ್ಷರವಾಗಿ ಮೊತ್ತದಿಂದ ಹೊರಗುಳಿಯುತ್ತದೆ. 25 ಎಂದಷ್ಟೇ ಹೊಡೆದು 0" ಕೆಜಿ" ಎಂದು ಫಾರ್ಮ್ಯಾಟ್ ಕೊಡು. ಕೆಜಿಯೂ ಕಾಣುತ್ತದೆ, ಕೂಡಿಕೆಯೂ ಆಗುತ್ತದೆ.

ನಮ್ಮ ಜನ ಓದುವುದು ಲಕ್ಷ, ಕೋಟಿಯಲ್ಲಿ. 12,500,000 ಎಂದು ಇಟ್ಟರೆ ರೈತನೂ ವ್ಯಾಪಾರಿಯೂ ತಡವರಿಸುತ್ತಾರೆ, 1,25,00,000 ಎಂದರೆ ಒಂದೇ ನೋಟಕ್ಕೆ ಒಂದೂಕಾಲು ಕೋಟಿ. ಕಂಪ್ಯೂಟರಿನ ಪ್ರಾದೇಶಿಕ ಸೆಟ್ಟಿಂಗ್ ಭಾರತಕ್ಕೆ ಇದ್ದರೆ ಅಲ್ಪವಿರಾಮಗಳು ತಾವಾಗಿ ಸರಿಯಾದ ಜಾಗದಲ್ಲಿ ಬೀಳುತ್ತವೆ. ಇಲ್ಲದಿದ್ದರೆ ಇದನ್ನು ಬಳಸು:

[>=10000000]##\,##\,##\,##0;[>=100000]##\,##\,##0;##,##0

ಇದು ಧನ ಸಂಖ್ಯೆಗೆ ಮಾತ್ರ. ಲಕ್ಷ ದಾಟಿದ ನಷ್ಟ ಬಂದರೆ ಮತ್ತೆ ಮೂರು ಮೂರು ಅಂಕಿಗೇ ಅಲ್ಪವಿರಾಮ ಬೀಳುತ್ತದೆ, ಎಚ್ಚರ.

ಮಾಗಡಿ, ನೆಲಮಂಗಲ ಕಡೆಯ ಜಮೀನಿನ ಕಾಗದಗಳು ನಿನ್ನ ಮೇಜಿಗೆ ಬಂದೇ ಬರುತ್ತವೆ. ಅಲ್ಲಿ ಇನ್ನೂ ಹುಷಾರಾಗಿರು. ನಲವತ್ತು ಗುಂಟೆಗೆ ಒಂದು ಎಕರೆ. 2 ಎಕರೆ 30 ಗುಂಟೆಯನ್ನು 2.30 ಎಂದೂ, 1 ಎಕರೆ 20 ಗುಂಟೆಯನ್ನು 1.20 ಎಂದೂ ಹೊಡೆದು ಕೂಡಿದರೆ 3.50 ಬರುತ್ತದೆ. ನಿಜವಾದ ಜಮೀನು 4 ಎಕರೆ 10 ಗುಂಟೆ. ನಮ್ಮಪ್ಪನ ಲೆಕ್ಕದ ಪುಸ್ತಕದಲ್ಲಿ ರೂಪಾಯಿ, ಆಣೆ, ಪೈಗೆ ಬೇರೆ ಬೇರೆ ಮನೆ ಇರುತ್ತಿದ್ದವು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದು ಹಣ ದಶಮಾಂಶಕ್ಕೆ ತಿರುಗಿತು, ಗುಂಟೆ ತಿರುಗಲಿಲ್ಲ. ಆದ್ದರಿಂದ ಎಕರೆ ಒಂದು ಕಾಲಂ, ಗುಂಟೆ ಒಂದು ಕಾಲಂ ಮಾಡಿ, ಮೂರನೆಯ ಕಾಲಂನಲ್ಲಿ ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ಸೇರಿಸು. ಆ ಮೂರನೆಯ ಕಾಲಂಗೆ # ??/40 ಎಂದು ಫಾರ್ಮ್ಯಾಟ್ ಕೊಡು. ಒಳಗೆ 4.25 ಇರುತ್ತದೆ, ಹೊರಗೆ 4 10/40 ಎಂದು ಕಾಣುತ್ತದೆ. ಕೂಡಿಕೆ ತಪ್ಪುವುದಿಲ್ಲ, ಜಮೀನಿನವರಿಗೂ ಅರ್ಥವಾಗುತ್ತದೆ.

ಕೆಲವನ್ನು ಮಾತ್ರ ಟೈಪ್ ಮಾಡುವ ಮುಂಚೆಯೇ ಟೆಕ್ಸ್ಟ್ ಎಂದು ಗುರುತು ಮಾಡಿಬಿಡು. ಸೆಟ್ಟಿಂಗ್ ಭಾರತಕ್ಕೆ ಇದ್ದರೆ, ಸರ್ವೆ ನಂಬರ್ 12/3 ಎಂದು ಹೊಡೆದ ಕೂಡಲೇ ಎಕ್ಸೆಲ್ ಅದನ್ನು ಮಾರ್ಚ್ 12 ಮಾಡುತ್ತದೆ. ಆಮೇಲೆ ಟೆಕ್ಸ್ಟ್‌ಗೆ ತಿರುಗಿಸಿದರೆ 12/3 ಮರಳುವುದಿಲ್ಲ. 2025ರಲ್ಲಿ ಹೊಡೆದಿದ್ದರೆ 45728 ಎಂಬ ದಿನಗಳ ಎಣಿಕೆ ಎದ್ದು ನಿಲ್ಲುತ್ತದೆ. ಈ ಪೀಡೆ ನಮಗೊಬ್ಬರಿಗೇ ಅಲ್ಲ. ‘ಮಾರ್ಚ್1’, ‘ಸೆಪ್ಟ್1’ ಎಂಬ ಹೆಸರಿನ ಮಾನವ ಜೀನ್‌ಗಳು ವಿಜ್ಞಾನಿಗಳ ಶೀಟುಗಳಲ್ಲಿ ತಾರೀಖಾಗಿ ಬಿಡುತ್ತಿದ್ದವು. ಕೊನೆಗೆ 2020ರಲ್ಲಿ ಅಂಥ ಜೀನ್‌ಗಳ ಹೆಸರನ್ನೇ ಬದಲಿಸಿದ ಸುದ್ದಿ ಲೋಕಕ್ಕೆಲ್ಲ ಗೊತ್ತಾಯಿತು. ಬ್ಯಾಂಕ್ ಖಾತೆ ಸಂಖ್ಯೆಯೂ ಹಾಗೆಯೇ. ಎಕ್ಸೆಲ್ ನೆನಪಿಡುವುದು ಹದಿನೈದು ಅಂಕಿ ಮಾತ್ರ. ಹದಿನಾರು ಅಂಕಿಯ ಖಾತೆ ಹೊಡೆದರೆ ಕೊನೆಯದು ಸೊನ್ನೆಯಾಗುತ್ತದೆ, ಮತ್ತೆ ಯಾವ ಫಾರ್ಮ್ಯಾಟೂ ಅದನ್ನು ತಂದುಕೊಡುವುದಿಲ್ಲ. ಕೂಡುವ ಕಳೆಯುವ ಅಗತ್ಯವಿಲ್ಲದ್ದು ಸಂಖ್ಯೆಯಲ್ಲ, ಅದು ಹೆಸರು. ಹೆಸರಿನಂತೆಯೇ ಬರೆ.

ಕಡೆಯದಾಗಿ ಒಂದು. ;;; ಎಂದು ಬರೀ ಮೂರು ಅರ್ಧವಿರಾಮ ಕೊಟ್ಟರೆ ಸೆಲ್‌ನಲ್ಲಿ ಇರುವುದೆಲ್ಲ ಕಣ್ಣಿಗೆ ಮರೆಯಾಗುತ್ತದೆ, ಆದರೂ ಮೊತ್ತದಲ್ಲಿ ಸೇರುತ್ತಲೇ ಇರುತ್ತದೆ. ಯಾರಾದರೂ ‘ಈ ಖರ್ಚು ಕಾಣದ ಹಾಗೆ ಮಾಡಮ್ಮ’ ಎಂದು ನಿನ್ನನ್ನು ಕೇಳುವ ದಿನ ಬರಬಹುದು. ಅವತ್ತು ಆಗುವುದಿಲ್ಲ ಎಂದು ಹೇಳು. ಫಾರ್ಮ್ಯಾಟ್ ಇರುವುದು ಓದುವವರ ಕಣ್ಣಿಗೆ ಅನುಕೂಲವಾಗಲಿ ಎಂದು. ಆ ಕಣ್ಣಿಗೆ ಮಣ್ಣೆರಚುವುದಕ್ಕಲ್ಲ.

ಶೀಟು ಕಳಿಸುವ ಮುಂಚೆ ನಾಲ್ಕಾರು ಸೆಲ್ ಮೇಲೆ ಕ್ಲಿಕ್ ಮಾಡಿ, ಮೇಲಿನ ಪಟ್ಟಿಯಲ್ಲಿ ಕಾಣುವ ಒಳಗಿನ ಬೆಲೆ ನೋಡು. ಆಮೇಲೆ ಕಾಗದದ ಮೇಲಿನ ಅಂಕಿಯನ್ನು ಬೆರಳಲ್ಲಿ ಒಮ್ಮೆ ಕೂಡು. ಆ ಅಜ್ಜಿ ಗೇಟಿನ ಹತ್ತಿರ ನಿಂತಿದ್ದಾರೆ ಎಂದುಕೊಂಡೇ ಕೂಡು.